ಇನ್ಸುಲಿನ್ ಗಿಡದ ಎಲೆಯೂ ಇನ್ಸುಲಿನ್ ಸೂಜಿಯೂ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯವರು. ಒಂಬತ್ತು ವರ್ಷದ ಮಗಳಿಗೆ ಕಳೆದ ಏಪ್ರಿಲ್‌ನಲ್ಲಿ ಟೈಪ್ 1 ಮಧುಮೇಹ ಇರುವುದು ಹುಬ್ಬಳ್ಳಿಯಲ್ಲಿ ಪತ್ತೆಯಾಯಿತು. ಆಸ್ಪತ್ರೆಯಿಂದ ಬರುವಾಗ ದಿನಕ್ಕೆ 20 ಯೂನಿಟ್ ಇನ್ಸುಲಿನ್ ಕೊಡಲು ಹೇಳಿದ್ದರು. ಮೇ ತಿಂಗಳಿಂದ ನಮ್ಮ ಮಾವನವರು ಹಿತ್ತಲಿನ ಇನ್ಸುಲಿನ್ ಗಿಡದ ಎರಡು ಎಲೆಗಳನ್ನು ದಿನವೂ ಖಾಲಿ ಹೊಟ್ಟೆಗೆ ಅವಳಿಗೆ ತಿನ್ನಿಸುತ್ತಿದ್ದಾರೆ. ಸಕ್ಕರೆ ಇಳಿಯುತ್ತಾ ಬಂದು, ವೈದ್ಯರು ಪ್ರಮಾಣ ಕಡಿಮೆ ಮಾಡುತ್ತಾ, ಈಗ 7 ಯೂನಿಟ್‌ಗೆ ನಿಂತಿದೆ. 21 ಕಿಲೋಗೆ ಇಳಿದಿದ್ದ ತೂಕ 24ಕ್ಕೆ ಏರಿದೆ. ಇನ್ನು ಸೂಜಿ ನಿಲ್ಲಿಸಿ ಎಲೆಯನ್ನೇ ಮುಂದುವರಿಸಬಹುದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಿಲ್ಲಿಸಬಹುದೇ? ಜೋನಿಬೆಲ್ಲ ಸಕ್ಕರೆಯಂತಲ್ಲ, ಕೊಡಬಹುದು ಎನ್ನುವುದು ನಿಜವೇ? ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಇನ್ಸುಲಿನ್ ಕೆಡುತ್ತದೆಯೇ? ಈ ವಿಷಯ ಶಾಲೆಯಲ್ಲಿ ತಿಳಿಸುವುದು ಬೇಡ ಎಂಬುದು ಅತ್ತೆಯವರ ಅಭಿಪ್ರಾಯ.

ಉತ್ತರ: ಮೊದಲ ಪ್ರಶ್ನೆಗೆ ಉತ್ತರ, ನಿಲ್ಲಿಸಬಾರದು. ಈ ಉತ್ತರವನ್ನು ಓದುವ ಹೊತ್ತಿಗೆ ಯಾರಾದರೂ ನಿಲ್ಲಿಸಿಬಿಟ್ಟಿದ್ದರೆ, ಈಗಲೇ ಸಕ್ಕರೆಯನ್ನು ಪರೀಕ್ಷಿಸಿ, ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ ಪ್ರಮಾಣದಲ್ಲಿ ಇಂದೇ ಮತ್ತೆ ಆರಂಭಿಸಿ. ಆದರೆ 'ನಿಲ್ಲಿಸಬೇಡಿ' ಎಂದಷ್ಟೇ ಹೇಳಿದರೆ ಮನೆಯಲ್ಲಿ ನಡೆಯುವ ಮಾತಿಗೆ ಅದು ಉತ್ತರವಾಗುವುದಿಲ್ಲ ಎಂಬುದು ನನಗೆ ಗೊತ್ತು. 20 ಇದ್ದದ್ದು 7 ಆಗಿರುವುದನ್ನು ಮಾವನವರು ಕಣ್ಣಾರೆ ಕಂಡಿದ್ದಾರೆ. ಅವರು ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಕೊಡುತ್ತಿರುವ ಕಾರಣ ಮಾತ್ರ ಸರಿಯಲ್ಲ.

ಟೈಪ್ 1 ಮಧುಮೇಹವು ಊರಿನ ಹಿರಿಯರಲ್ಲಿ ಕಾಣುವ ಸಕ್ಕರೆ ಕಾಯಿಲೆಯಲ್ಲ. ಹಿರಿಯರಲ್ಲಿ ಇನ್ಸುಲಿನ್ ಉತ್ಪತ್ತಿಯಾಗುತ್ತಿದ್ದರೂ ಶರೀರ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ; ಆದ್ದರಿಂದ ಪಥ್ಯ, ನಡಿಗೆ, ಮಾತ್ರೆಗಳಿಂದ ಅನೇಕ ವರ್ಷ ನಡೆಯುತ್ತದೆ. ನಿಮ್ಮ ಮಗಳಲ್ಲಿ ಆಗಿರುವುದು ಬೇರೆ. ರೋಗಾಣುಗಳ ಮೇಲೆ ಎರಗಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಒಂದೊಂದಾಗಿ ನಾಶಮಾಡುತ್ತಿದೆ. ಈ ನಾಶ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆದು, ಬಹುಪಾಲು ಕೋಶಗಳು ಹೋದ ಮೇಲೆ ಒಮ್ಮೆಲೇ ಬಾಯಾರಿಕೆ, ರಾತ್ರಿ ಹಾಸಿಗೆ ಒದ್ದೆಯಾಗುವುದು, ಮೂತ್ರಕ್ಕೆ ಇರುವೆ ಮುತ್ತುವುದು, ಉಂಡರೂ ಸೊರಗುವುದು ಮುಂತಾದ ಲಕ್ಷಣಗಳಾಗಿ ಹೊರಬೀಳುತ್ತದೆ. ಮಗು ಸಿಹಿ ತಿಂದದ್ದರಿಂದಲೋ, ಗರ್ಭಿಣಿಯಾಗಿದ್ದಾಗ ತಾಯಿ ಏನನ್ನಾದರೂ ತಿಂದದ್ದರಿಂದಲೋ ಇದು ಬರುವುದಿಲ್ಲ. ಈ ಮಾತನ್ನು ಯಾರಾದರೂ ನಿಮ್ಮೆದುರು ಆಡಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಾಗಾದರೆ 20 ಯೂನಿಟ್ 7 ಆದದ್ದು ಹೇಗೆ? ಅಡಿಕೆ ಸುಲಿಯುವ ಕಾಲವನ್ನು ನೆನೆದುಕೊಳ್ಳಿ. ಹತ್ತು ಮಂದಿ ಸುಲಿಯುತ್ತಿದ್ದ ಅಡಿಕೆ ಇಬ್ಬರ ಮೇಲೆ ಬಿದ್ದರೆ, ಹಗಲೂ ರಾತ್ರಿ ಕುಳಿತ ಆ ಇಬ್ಬರೂ ಕೊನೆಗೆ ಕೈ ಸೋತು, ತಮ್ಮ ಪಾಲಿನದನ್ನೂ ಮುಗಿಸಲಾರದೆ ಹೋಗುತ್ತಾರೆ. ಏಪ್ರಿಲ್‌ನಲ್ಲಿ ನಿಮ್ಮ ಮಗಳಲ್ಲಿ ಉಳಿದಿದ್ದ ಕೆಲವೇ ಬೀಟಾ ಕೋಶಗಳ ಸ್ಥಿತಿ ಇದೇ ಆಗಿತ್ತು. ಏರಿದ ಸಕ್ಕರೆಯೇ ಅವುಗಳಿಗೆ ವಿಷದಂತಾಗಿ, ಅವು ಬದುಕಿದ್ದರೂ ಕೆಲಸ ಮಾಡುತ್ತಿರಲಿಲ್ಲ. ಹೊರಗಿನಿಂದ ಇನ್ಸುಲಿನ್ ಬಂದು ಭಾರ ಇಳಿಸಿದ ಮೇಲೆ ಅವು ಸುಧಾರಿಸಿಕೊಂಡು ತಮ್ಮ ಕೈಲಾದಷ್ಟನ್ನು ಮತ್ತೆ ತಯಾರಿಸತೊಡಗಿದವು. ಆದ್ದರಿಂದ ಹೊರಗಿನಿಂದ ಕೊಡಬೇಕಾದ ಪ್ರಮಾಣ ಇಳಿಯಿತು. ವೈದ್ಯರ ಮಾತಿನಲ್ಲಿ ಇದಕ್ಕೆ 'ಹನಿಮೂನ್' ಅವಧಿ ಎಂದು ಹೆಸರು. ಕೇಳಿದ ತಾಯಂದಿರು ನಗುತ್ತಾರೆ, ಆದರೆ ಹೆಸರಿನಲ್ಲಿ ಒಂದು ಎಚ್ಚರಿಕೆಯೂ ಇದೆ. ದಿನದ ಒಟ್ಟು ಇನ್ಸುಲಿನ್ ಮಗುವಿನ ಪ್ರತಿ ಕಿಲೋ ತೂಕಕ್ಕೆ ಅರ್ಧ ಯೂನಿಟ್‌ಗಿಂತ ಕಡಿಮೆಯಾಗಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 7ರ ಆಸುಪಾಸಿನಲ್ಲಿದ್ದರೆ ಮಗು ಈ ಅವಧಿಯಲ್ಲಿದೆ ಎಂದು ತಿಳಿಯುತ್ತೇವೆ. 24 ಕಿಲೋ ತೂಕಕ್ಕೆ ಅರ್ಧ ಯೂನಿಟ್‌ನಂತೆ 12 ಯೂನಿಟ್. ನಿಮ್ಮ ಮಗಳು 7ರಲ್ಲಿದ್ದಾಳೆ. ಎಲೆ ತಿನ್ನದ ಮಕ್ಕಳಲ್ಲಿಯೂ, ಇನ್ಸುಲಿನ್ ಗಿಡದ ಹೆಸರನ್ನೇ ಕೇಳದ ದೇಶಗಳ ಮಕ್ಕಳಲ್ಲಿಯೂ, ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಅನೇಕರಿಗೆ ಹೀಗೆಯೇ ಆಗುತ್ತದೆ. ನೀವು ಎಲೆ ಆರಂಭಿಸಿದ್ದು ಮೇ ತಿಂಗಳಲ್ಲಿ, ಸಕ್ಕರೆ ತಾನಾಗಿ ಇಳಿಯಬೇಕಾಗಿದ್ದ ಕಾಲವೂ ಅದೇ.

ಈ ಅವಧಿ ಕೆಲವರಲ್ಲಿ ಕೆಲವೇ ವಾರ, ಹಲವರಲ್ಲಿ ಹಲವು ತಿಂಗಳು, ಅಪರೂಪಕ್ಕೆ ಒಂದು ವರ್ಷವನ್ನೂ ದಾಟುತ್ತದೆ. ಒಳಗಿನ ದಾಳಿ ಮಾತ್ರ ನಿಂತಿರುವುದಿಲ್ಲ. ಒಂದು ಜ್ವರವೋ, ಮಗು ಬೆಳೆಯುವ ವಯಸ್ಸೋ, ಇಲ್ಲವೇ ಸುಮ್ಮನೆ ಕಾಲ ಕಳೆಯುವುದೋ ಸಾಕು, ಉಳಿದ ಕೋಶಗಳೂ ಸೋಲುತ್ತವೆ ಮತ್ತು ಅಗತ್ಯ ಮತ್ತೆ ಏರಿ ಕಿಲೋಗೆ ಮುಕ್ಕಾಲು, ಒಂದು ಯೂನಿಟ್‌ವರೆಗೂ, ಮೈನೆರೆಯುವ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚಿಗೂ ಹೋಗುತ್ತದೆ. ಆ ಹೊತ್ತಿಗೆ ಸೂಜಿ ಮನೆಯಲ್ಲಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಕರಾವಳಿಯ ಒಬ್ಬ ಹುಡುಗನಿಗೆ ಹೀಗೆಯೇ ಪ್ರಮಾಣ ಇಳಿದಾಗ ಮನೆಯವರು ಇನ್ಸುಲಿನ್ ಬಿಟ್ಟರು; ಐದು ವಾರ ಚೆನ್ನಾಗಿಯೇ ಇದ್ದ. ಆರನೆಯ ವಾರ ವಾಂತಿ, ಹೊಟ್ಟೆನೋವು ಎಂದು ಹತ್ತಿರದ ಒಂದು ದವಾಖಾನೆಗೆ ಒಯ್ದರು. ಹಳೆಯ ಕಾಯಿಲೆಯ ಹೆಸರನ್ನು ಮನೆಯವರು ಹೇಳಲಿಲ್ಲ, ಅಲ್ಲಿನವರು ಕೇಳಲಿಲ್ಲ, ಅಜೀರ್ಣವೆಂದು ಬಗೆದು ಗ್ಲೂಕೋಸ್ ಏರಿಸಿದರು. ನನ್ನ ಬಳಿ ಬಂದಾಗ ಅವನು ಬೆಟ್ಟ ಹತ್ತಿದವನಂತೆ ಆಳವಾಗಿ ಉಸಿರೆಳೆಯುತ್ತಿದ್ದ, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಇನ್ಸುಲಿನ್ ಇಲ್ಲದಾಗ ಶರೀರ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಒಡೆದು, ಅದರಿಂದ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುವ ಸ್ಥಿತಿ ಇದು. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಆ ಹುಡುಗ ಬದುಕಿದ, ಆದರೆ ಎರಡು ದಿನ ನಮಗೆ ಅದರ ಭರವಸೆ ಇರಲಿಲ್ಲ.

ಇನ್ನು ಆ ಗಿಡದ ಬಗ್ಗೆ. ನಮ್ಮ ಹಿತ್ತಲುಗಳಲ್ಲಿ ಬೆಳೆಸುವ ಆ ಗಿಡಕ್ಕೆ ಇನ್ಸುಲಿನ್ ಎಂಬ ಹೆಸರು ಹೇಗೋ ಅಂಟಿಕೊಂಡಿದೆ, ಎಲೆಯಲ್ಲಿ ಇನ್ಸುಲಿನ್ ಇಲ್ಲ. ಒಂದು ವೇಳೆ ಇದ್ದರೂ ತಿಂದು ಪ್ರಯೋಜನವಿರುತ್ತಿರಲಿಲ್ಲ, ಏಕೆಂದರೆ ಇನ್ಸುಲಿನ್ ಒಂದು ಪ್ರೋಟೀನ್. ಬಾಯಿಂದ ಹೋದರೆ ಬೇಳೆಯಂತೆ, ಮೀನಿನಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಸೂಜಿಯ ಮೂಲಕವೇ ಕೊಡಬೇಕಾಗಿರುವುದು ಅದಕ್ಕಾಗಿ. ಸಕ್ಕರೆ ಏರಿಸಿದ ಇಲಿಗಳಿಗೆ ಈ ಎಲೆಯ ಸಾರ ಕೊಟ್ಟಾಗ ಸಕ್ಕರೆ ತುಸು ಇಳಿದ ವರದಿಗಳು ಇವೆ. ಮಧುನಾಶಿನಿ, ಹಾಗಲಕಾಯಿಗಳ ಬಗೆಗೂ ಅಂಥ ವರದಿಗಳಿವೆ. ಇನ್ಸುಲಿನ್ ಸ್ವಲ್ಪವಾದರೂ ತಯಾರಾಗುತ್ತಿರುವ ಶರೀರದಲ್ಲಿ ಇವು ಒಂದಿಷ್ಟು ಸಹಾಯ ಮಾಡಿದರೂ ಮಾಡಬಹುದು. ತಯಾರಿಸುವ ಕೋಶಗಳೇ ಇಲ್ಲವಾಗುತ್ತಿರುವ ಮಗುವಿಗೆ ಯಾವ ಎಲೆಯೂ ಇನ್ಸುಲಿನ್ನಿನ ಬದಲಿಗೆ ನಿಲ್ಲಲಾರದು. ಇದನ್ನು ನಾನು ಹಳ್ಳಿಮದ್ದಿನ ಮೇಲಿನ ಅಸಡ್ಡೆಯಿಂದ ಹೇಳುತ್ತಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲೋಪಥಿಯ ಕೈಯಲ್ಲಿಯೂ ಈ ಮಕ್ಕಳಿಗೆ ಉಪವಾಸವೊಂದನ್ನು ಬಿಟ್ಟು ಬೇರೆ ಚಿಕಿತ್ಸೆ ಇರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗ ಮೊದಲ ಸಲ ಇನ್ಸುಲಿನ್ ಪಡೆದ. ಸಾವಿನ ಅಂಚಿನಲ್ಲಿದ್ದ ಅವನು ಆಮೇಲೆ 13 ವರ್ಷ ಬದುಕಿದ. ಅದಕ್ಕೆ ಹಿಂದೆ ಅಂಥ ಮಕ್ಕಳು ಉಳಿಯುತ್ತಿದ್ದುದು ಹೆಚ್ಚೆಂದರೆ ಒಂದೆರಡು ವರ್ಷ.

ಹಾಗಾದರೆ ಸೂಜಿಯ ಜೊತೆಗೆ ಎಲೆಯೂ ಇರಲಿ ಎಂದು ಮಾವನವರು ಕೇಳಬಹುದು. ಬೇಡವೆಂದೇ ನನ್ನ ಸಲಹೆ. ಎಲೆಯಿಂದ ಸಕ್ಕರೆ ಎಷ್ಟು ಇಳಿಯುತ್ತದೆ, ಇಳಿಯುತ್ತದೆಯೋ ಇಲ್ಲವೋ ಎಂಬುದು ಅಳತೆಗೆ ಸಿಕ್ಕದ ಸಂಗತಿ; ಅಳೆದು ಕೊಡುವ ಔಷಧದ ಜೊತೆಗೆ ಅಳೆಯಲಾಗದ್ದನ್ನು ಸೇರಿಸಿದರೆ ಯಾವ ಏರಿಳಿತಕ್ಕೆ ಯಾವುದು ಕಾರಣವೆಂದು ವೈದ್ಯರಿಗೆ ತಿಳಿಯದು. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಎಲೆ ನಡೆಯುತ್ತಿರುವಷ್ಟು ದಿನವೂ ಸೂಜಿ ಬಿಡುವ ಮಾತು ಮನೆಯಲ್ಲಿ ಬರುತ್ತಲೇ ಇರುತ್ತದೆ. 7 ಯೂನಿಟ್‌ಗೂ ಸಕ್ಕರೆ ಪದೇ ಪದೇ 70ಕ್ಕಿಂತ ಕೆಳಗಿಳಿಯುತ್ತಿದ್ದರೆ ಪ್ರಮಾಣವನ್ನು 5ಕ್ಕೋ 3ಕ್ಕೋ ಇಳಿಸಲು ವೈದ್ಯರಿಗೆ ದಾರಿಯಿದೆ. ಸೊನ್ನೆಗೆ ಮಾತ್ರ ನಾನು ಒಯ್ಯುವುದಿಲ್ಲ. ಮಾತ್ರೆಯಿಂದಲೇ ನಡೆಯುವ ಕೆಲವು ಅಪರೂಪದ ವಂಶವಾಹಿ ಮಧುಮೇಹಗಳು ಮಕ್ಕಳಲ್ಲಿ ಇವೆ, ಮುಖ್ಯವಾಗಿ ಹುಟ್ಟಿ ಆರು ತಿಂಗಳೊಳಗೆ ಕಾಣಿಸಿಕೊಳ್ಳುವಂಥವು. ನಿಮ್ಮ ಮಗಳ ಕಥೆ ಅದಕ್ಕೆ ಹೊಂದುವುದಿಲ್ಲ. ಅನುಮಾನವಿದ್ದರೆ ಜಿಎಡಿ ಪ್ರತಿಕಾಯ (ಬೀಟಾ ಕೋಶಗಳ ಮೇಲೆ ದಾಳಿ ನಡೆದಿದೆಯೇ ಎಂದು ತೋರಿಸುವುದು) ಮತ್ತು ಸಿ-ಪೆಪ್ಟೈಡ್ (ಶರೀರ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವುದು) ಪರೀಕ್ಷೆಗಳ ಫಲಿತಾಂಶ ಆಸ್ಪತ್ರೆಯ ಕಾಗದಗಳಲ್ಲಿದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ.

ಜೋನಿಬೆಲ್ಲದ ಪ್ರಶ್ನೆಯನ್ನು ನಮ್ಮ ಸೀಮೆಯ ಪ್ರತಿಯೊಂದು ಮನೆಯವರೂ ಕೇಳುತ್ತಾರೆ. ಬೆಲ್ಲ ಗಾಣದ ಬುಡದಲ್ಲಿ ಆಗಿರಲಿ, ಕಾರ್ಖಾನೆಯಲ್ಲಿ ಆಗಿರಲಿ, ಕಬ್ಬಿನ ಸಿಹಿ ಕಬ್ಬಿನ ಸಿಹಿಯೇ. ಒಂದು ದೊಡ್ಡ ಚಮಚ ಜೋನಿಬೆಲ್ಲದಲ್ಲಿ 10 ಗ್ರಾಂಗೂ ಹೆಚ್ಚು ಸಕ್ಕರೆ ಇದೆ, ರಕ್ತಕ್ಕೆ ಹೋದ ಮೇಲೆ ಅದು ನೈಸರ್ಗಿಕವೋ ಅಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಆದ್ದರಿಂದ ನಿರಪಾಯವೆಂದು ಕೊಡಬೇಡಿ. ಹಾಗೆಂದು ಎಂದೆಂದಿಗೂ ನಿಷೇಧವೆಂದೂ ತಿಳಿಯಬೇಡಿ. ಈಗಿನ ಚಿಕಿತ್ಸೆಯ ಕ್ರಮ ಪಥ್ಯಕ್ಕಿಂತ ಹೆಚ್ಚಾಗಿ ಲೆಕ್ಕದ ಮೇಲೆ ನಿಂತಿದೆ: ಊಟದಲ್ಲಿ ಪಿಷ್ಟ ಮತ್ತು ಸಕ್ಕರೆ ಎಷ್ಟು ಗ್ರಾಂ ಇದೆಯೋ ಅದಕ್ಕೆ ತಕ್ಕ ಇನ್ಸುಲಿನ್. ನಿಜ ಹೇಳಬೇಕೆಂದರೆ ನಮ್ಮ ಕಡೆ ಮಕ್ಕಳ ಸಕ್ಕರೆ ಏರುವುದಕ್ಕೆ ಬೆಲ್ಲಕ್ಕಿಂತ ಅನ್ನವೇ ದೊಡ್ಡ ಕಾರಣ. 100 ಗ್ರಾಂ ಅಕ್ಕಿಯಲ್ಲಿ 75 ಗ್ರಾಂಗಿಂತ ಹೆಚ್ಚು ಪಿಷ್ಟವಿದೆ; ತೆಳ್ಳೇವು, ಇಡ್ಲಿ, ಕಡಬು, ಗಂಜಿ ಎಲ್ಲವೂ ಅದೇ ಅಕ್ಕಿ. ಕುಚಲಕ್ಕಿ ತುಸು ನಿಧಾನವಾಗಿ ಏರಿಸುತ್ತದೆ, ಆದರೆ ಅದನ್ನೇ ನುಣ್ಣಗೆ ಬೇಯಿಸಿ ಗಂಜಿ ಮಾಡಿದರೆ ಆ ಲಾಭ ಬಹುಪಾಲು ಹೋಗುತ್ತದೆ. ಒಂದು ವಾರ ಮಗಳ ಪಾಲಿನ ಅಕ್ಕಿಯನ್ನು ಬೇಯಿಸುವ ಮೊದಲು ತೂಗಿ ನೋಡಿ, ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ತಂಬುಳಿ, ಪಲ್ಯ, ಮಜ್ಜಿಗೆ, ಮೊಳಕೆಕಾಳು, ಮೀನು ತಿನ್ನುವ ಮನೆಯಾದರೆ ಮೀನು, ಇವು ತಟ್ಟೆಯಲ್ಲಿ ಹೆಚ್ಚಲಿ. ಹಲಸಿನ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು: ತೊಳೆ ಬಿಡಿಸಿದ ಕೈಯಲ್ಲಿಯೇ ಬೆರಳು ಚುಚ್ಚಿದರೆ ಗ್ಲೂಕೋಮೀಟರ್ 300 ತೋರಿಸಿ ನಿಮ್ಮನ್ನು ಹೆದರಿಸೀತು. ಸೋಪಿನಿಂದ ಕೈ ತೊಳೆದು, ಒರೆಸಿ, ಮತ್ತೆ ನೋಡಿ.

ಕರೆಂಟ್ ವಿಷಯದಲ್ಲಿ ನಿಮಗೆ ಇರುವ ಭಯ ಅಗತ್ಯಕ್ಕಿಂತ ಹೆಚ್ಚು. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನ ಹೊರಗೆ, 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ, ಬಿಸಿಲು ತಾಗದಂತೆ ಸುಮಾರು 4 ವಾರ ಇಟ್ಟು ಬಳಸಬಹುದು. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಆದರೆ ಎರಡು ಮೂರು ದಿನ ಕರೆಂಟ್ ಹೋದ ಮಾತ್ರಕ್ಕೆ ಅವು ಹಾಳಾಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಆಷಾಢದ ಚಳಿಯಲ್ಲಿ ಮುಚ್ಚಿದ ಫ್ರಿಜ್ಜು ಅಷ್ಟೇನೂ ಬಿಸಿಯಾಗುವುದಿಲ್ಲ, ಪದೇ ಪದೇ ಬಾಗಿಲು ತೆರೆಯದಿದ್ದರೆ ಆಯಿತು. ಮಳೆಗಾಲಕ್ಕಿಂತ ನನಗೆ ಹೆಚ್ಚು ಚಿಂತೆ ಏಪ್ರಿಲ್, ಮೇ ತಿಂಗಳದ್ದು, ಅದರಲ್ಲಿಯೂ ಕಾರವಾರ, ಅಂಕೋಲಾ, ಕುಮಟಾ ಕಡೆಯ ನೆಂಟರ ಮನೆಗೆ ಹೋದಾಗಿನದು. ಒದ್ದೆ ಮರಳು ತುಂಬಿದ ಮಡಕೆಯೊಳಗೆ ಇನ್ನೊಂದು ಚಿಕ್ಕ ಒಣ ಕುಡಿಕೆ ಇಟ್ಟು ಅದರಲ್ಲಿ ಇನ್ಸುಲಿನ್ ಇಡುವ ಕ್ರಮ ಒಳ್ಳೆಯದೇ, ಆದರೆ ನೀರು ಆರಿದರೆ ಮಾತ್ರ ಮಡಕೆ ತಂಪಾಗುವುದು. ಬಯಲುಸೀಮೆಯ ಒಣಗಾಳಿಯಲ್ಲಿ ಅದು ಮಾಡುವಷ್ಟು ಕೆಲಸವನ್ನು ಸಮುದ್ರದಂಡೆಯ ತೇವದ ಗಾಳಿಯಲ್ಲಿ ಮಾಡಲಾರದು. ಅಲ್ಲಿ ಫ್ರಿಜ್ಜಿರುವ ಪಕ್ಕದ ಮನೆಯೇ ಮೇಲು. ಶಾಖಕ್ಕಿಂತ ಬೇಗ ಇನ್ಸುಲಿನ್ನನ್ನು ಕೆಡಿಸುವುದು ಹೆಪ್ಪುಗಟ್ಟಿಸುವ ಚಳಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬಾರದು, ಆದ್ದರಿಂದ ಫ್ರೀಜರಿನ ಕೆಳಗಿನ ಹಲಗೆಯಲ್ಲಿ ಇಡದೆ ಬಾಗಿಲಿನ ಗೂಡಿನಲ್ಲಿ ಇಡಿ, ಪ್ರಯಾಣದಲ್ಲಿ ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಮಳೆಗಾಲದಲ್ಲಿ ನಿಜವಾಗಿ ಕೆಡುವುದು ಗ್ಲೂಕೋಮೀಟರ್ ಪಟ್ಟಿಗಳು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹೀರಿ ಸುಳ್ಳು ಅಂಕಿ ಕೊಡುತ್ತವೆ.

ನೀವು ಕೇಳದ ಒಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಮಿಲಿಲೀಟರಿಗೆ 40 ಯೂನಿಟ್‌ನವು, ಅವುಗಳ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನವುಗಳ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಂಗಡಿಯಲ್ಲಿ ಒಂದು ಇಲ್ಲವೆಂದು ಇನ್ನೊಂದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 7ರ ಗೆರೆಯವರೆಗೆ ಎಳೆದರೆ ಮಗಳಿಗೆ ಹೋಗುವುದು ಮೂರು ಯೂನಿಟ್‌ಗಿಂತಲೂ ಕಡಿಮೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಹದಿನೇಳೂವರೆ. ಎರಡನೆಯದು ಅವಳನ್ನು ಪ್ರಜ್ಞೆ ತಪ್ಪಿಸಬಲ್ಲದು.

ಶಾಲೆಗೆ ತಿಳಿಸಬಾರದೆಂಬ ಅತ್ತೆಯವರ ಮಾತನ್ನು ನಾನು ಒಪ್ಪಲಾರೆ. ನಾಳೆ ಮದುವೆಗೆ ತೊಡಕಾದೀತೆಂಬ ಯೋಚನೆ ಅದರ ಹಿಂದೆ ಇರಬೇಕೆಂದು ಊಹಿಸುತ್ತೇನೆ. ಆ ಮಾತಿಗೆ ಇನ್ನೂ ಹದಿನೈದು ವರ್ಷ ಇದೆ, ಸಕ್ಕರೆ ಇಳಿದು ಕುಸಿಯುವುದು ಮಾತ್ರ ಇಂದು ಮಧ್ಯಾಹ್ನದ ಆಟದ ಪೀರಿಯಡ್ಡಿನಲ್ಲಿಯೇ ಆಗಬಹುದು. ಕೈ ನಡುಕ, ಬೆವರು, ಏಕಾಏಕಿ ಸಿಟ್ಟು ಅಥವಾ ಮಂಕು, ಹಸಿವು ಕಂಡರೆ, ಇಲ್ಲವೇ ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ, ಅವಳ ತೂಕಕ್ಕೆ 7ರಿಂದ 10 ಗ್ರಾಂ ಗ್ಲೂಕೋಸ್ ಅಥವಾ ಎರಡು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಪುನಃ ಕೊಡಬೇಕು. ಚಾಕೊಲೇಟಿನ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುವುದರಿಂದ ಅದು ಈ ಕೆಲಸಕ್ಕೆ ಬಾರದು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹೊಯ್ಯದೆ, ಮಗ್ಗುಲಾಗಿ ಮಲಗಿಸಿ, ಸಕ್ಕರೆ ಏರಿಸುವ ಔಷಧವಾದ ಗ್ಲುಕಗಾನ್ ಇದ್ದರೆ ಕೊಟ್ಟು, ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತರಗತಿಯ ಶಿಕ್ಷಕರಿಗೂ, ಬಿಸಿಯೂಟ ಬಡಿಸುವವರಿಗೂ, ಅವಳ ಪಕ್ಕದಲ್ಲಿ ಕೂರುವ ಗೆಳತಿಗೂ ತಿಳಿಸಿ. ಭಾರತದಲ್ಲಿ 20 ವರ್ಷದೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಟೈಪ್ 1 ಮಧುಮೇಹ ಇದೆಯೆಂಬುದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು. ಮುಚ್ಚಿಡುವಷ್ಟು ವಿಚಿತ್ರ ಇದರಲ್ಲಿ ಏನೂ ಇಲ್ಲ. ಇದು ಅಂಟುವುದಿಲ್ಲ. ಅವಳಿಗೆ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಬರುವ ಸಂಭವ ನೂರರಲ್ಲಿ ಐದಾರು, ಬಾರದೆ ಇರುವ ಸಂಭವವೇ ಹೆಚ್ಚು.

ಜ್ವರ, ವಾಂತಿ ಬಂದ ದಿನ ಮಗು ಉಣ್ಣುತ್ತಿಲ್ಲವೆಂದು ಇನ್ಸುಲಿನ್ ತಪ್ಪಿಸುವುದು ನಾನು ಕಾಣುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಕಾಯಿಲೆಯ ದಿನಗಳಲ್ಲಿ ಹೆಚ್ಚಿನ ಮಕ್ಕಳಿಗೆ ಇನ್ಸುಲಿನ್ ಹೆಚ್ಚೇ ಬೇಕಾಗುತ್ತದೆ, ಹೊಟ್ಟೆ ಕೆಟ್ಟು ಸಕ್ಕರೆ ಇಳಿಯುತ್ತಿದ್ದರೆ ಊಟದ ಹೊತ್ತಿನ ಇನ್ಸುಲಿನ್ ಪ್ರಮಾಣವನ್ನು ಕಡಿಮೆ ಮಾಡಬೇಕಾದೀತು, ಆದರೆ ಮಲಗುವಾಗ ಕೊಡುವ ದೀರ್ಘಾವಧಿಯ ಇನ್ಸುಲಿನ್ ಯಾವತ್ತೂ ತಪ್ಪಬಾರದು. ಸಕ್ಕರೆ 250 ದಾಟಿದರೆ ಮೂತ್ರದ ಕೀಟೋನ್ ಪಟ್ಟಿಯಿಂದ ಪರೀಕ್ಷಿಸಿ. ಕೀಟೋನ್ ಹೆಚ್ಚಿದ್ದು ವಾಂತಿಯೂ ಇದ್ದರೆ ರಾತ್ರಿಯಾದರೂ ಹೊರಡಿ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಕುಮಟಾ ದಾರಿ ಬಂದ್, ಹುಬ್ಬಳ್ಳಿಗೆ 100 ಕಿಲೋಮೀಟರ್. ಆದ್ದರಿಂದ ಜೂನ್ ಬರುವ ಮೊದಲೇ ಒಂದು ತಿಂಗಳಿಗೆ ಹೆಚ್ಚುವರಿ ಇನ್ಸುಲಿನ್, ಸಿರಿಂಜು, ಪಟ್ಟಿಗಳು ಮನೆಯಲ್ಲಿರಲಿ. ಎಲ್ಲಿಗೆ ಹೋದರೂ ಮೊದಲ ಮಾತು 'ಇವಳಿಗೆ ಟೈಪ್ 1 ಮಧುಮೇಹ, ಸಕ್ಕರೆ ನೋಡಿ' ಎಂಬುದಾಗಿರಲಿ.

ಮುಂದಿನ ತಿಂಗಳುಗಳಲ್ಲಿ 7 ಇದ್ದದ್ದು 9, 12 ಎಂದು ಏರತೊಡಗಿದಾಗ, ಎಲೆ ಬಿಟ್ಟದ್ದರಿಂದ ಹೀಗಾಯಿತೆಂದು ಮನೆಯಲ್ಲಿ ಮಾತು ಬಂದೇ ಬರುತ್ತದೆ. ಅದು ಬರುವ ಮೊದಲೇ ಈ ಉತ್ತರವನ್ನು ಮಾವನವರಿಗೆ ಓದಿ ಹೇಳಿ, ಸಾಧ್ಯವಿದ್ದರೆ ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ಯಿರಿ. ಮೊಮ್ಮಗಳ ಸಕ್ಕರೆಯನ್ನು ಬರೆದಿಡುವ ಪುಸ್ತಕ ಅವರ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಆಲೆಮನೆಯ ಕಾಲ ಬಂದಾಗ ಅವಳನ್ನು ಮನೆಯಲ್ಲಿ ಕೂರಿಸಬೇಡಿ. ಒಂದು ಲೋಟ ಕಬ್ಬಿನಹಾಲಿನಲ್ಲಿ 25 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಅಷ್ಟಕ್ಕೆ ಎಷ್ಟು ಯೂನಿಟ್ ಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಬರೆದುಕೊಳ್ಳಿ, ಅರ್ಧ ಲೋಟ ಕುಡಿಯಲಿ, ಎರಡು ಗಂಟೆಯ ಮೇಲೆ ಕೈ ತೊಳೆಸಿ ಸಕ್ಕರೆ ನೋಡಿ.